ಪುನರ್ವಸು ಮಳೆಯಲ್ಲಿ ಮಡಗಾಸ್ಕರದ ಹಲ್ಲಿ

ಪ್ರಶ್ನೆ: ಬೆನ್ನಿನ ಮೇಲೆ ಚಿನ್ನದ ಪುಡಿ ಉದುರಿಸಿದಂತೆ ಕಾಣುವ ಹಸಿರು ಹಲ್ಲಿಯೊಂದನ್ನು ಅಣ್ಣ ಊರು ಬದಲಿಸುವಾಗ ಗಾಜಿನ ಪೆಟ್ಟಿಗೆಯ ಸಮೇತ ನಮಗೆ ಕೊಟ್ಟಿದ್ದಾನೆ. ಪೆಟ್ಟಿಗೆಯನ್ನು ಕಿಟಕಿಯ ಬಳಿ ಇಟ್ಟು ದಿನಕ್ಕೆ ಮೂರು ಬಾರಿ ನೀರು ಸಿಂಪಡಿಸುತ್ತಿದ್ದೇವೆ. ಆದರೂ ಮಳೆ ಹಿಡಿದ ಮೇಲೆ ಅದು ಗಾಜು ಹತ್ತಲು ತಡವರಿಸುತ್ತಿದೆ, ಬಾಲದ ಬುಡ ಸೊಟ್ಟಗಾಗಿದೆ. ಜೊತೆಗೆ ನಮ್ಮ ತೋಟದ ಜಂಬಿಟ್ಟಿಗೆ ಗೋಡೆಯ ಸಣ್ಣ ಹಲ್ಲಿಯೊಂದನ್ನು ಬಿಡಬಹುದೇ?
— ಓದುಗರು, ತೀರ್ಥಹಳ್ಳಿ

ಉತ್ತರ: ನಿಮ್ಮ ವಿವರಣೆಯಂತೆ ಇದು ಉತ್ತರ ಮಡಗಾಸ್ಕರದ ಫೆಲ್ಸುಮಾ ಲಾಟಿಕಾಡಾ. ನಮ್ಮ ಮನೆಯ ಹಲ್ಲಿಗಳಂತೆ ದೀಪದ ಸುತ್ತ ರಾತ್ರಿ ಬೇಟೆಯಾಡದೆ, ಹಗಲಿನ ಬಿಸಿಲಿನಲ್ಲಿ ಬಾಳೆ, ತೆಂಗುಗಳ ಮೇಲೆ ಓಡಾಡಿ ಹುಳುಗಳನ್ನೂ ಹೂವಿನ ಮಕರಂದವನ್ನೂ ತಿನ್ನುವ ಜೀವಿ ಇದು. ಅದಕ್ಕೆ ಈಗ ಕೊರತೆಯಾಗಿರುವುದು ನೀರಲ್ಲ, ಬೆಳಕು. ಬಾಲ ಸೊಟ್ಟಗಾಗುವುದು, ಹಿಡಿತ ಸಡಿಲವಾಗುವುದು ಎಲುಬಿನಲ್ಲಿ ಸುಣ್ಣದ ಅಂಶ ಕುಗ್ಗುತ್ತಿರುವ ಲಕ್ಷಣಗಳು. ಬಿಸಿಲಿನ ಅತಿನೇರಳೆ ಬಿ ಕಿರಣ ಚರ್ಮಕ್ಕೆ ತಾಗಿದಾಗ ಡಿ3 ಜೀವಸತ್ವ ತಯಾರಾಗುತ್ತದೆ, ಅದಿಲ್ಲದೆ ತಿಂದ ಕ್ಯಾಲ್ಸಿಯಂ ಮೈಗೆ ಹತ್ತುವುದಿಲ್ಲ. ಕಿಟಕಿಯ ಗಾಜು ಆ ಕಿರಣವನ್ನು ಬಹುಪಾಲು ತಡೆಯುತ್ತದೆ. ಜೊತೆಗೆ ನೇರ ಬಿಸಿಲು ಬಿದ್ದ ದಿನ ಮುಚ್ಚಿದ ಪೆಟ್ಟಿಗೆ ಕ್ಷಣಾರ್ಧದಲ್ಲಿ ಒಲೆಯಾಗುತ್ತದೆ. ಆದ್ದರಿಂದ ಪೆಟ್ಟಿಗೆಯನ್ನು ಅಲ್ಲಿಂದ ತೆಗೆದು, ಸರೀಸೃಪಗಳಿಗೆಂದೇ ಸಿಗುವ ಅತಿನೇರಳೆ ಟ್ಯೂಬನ್ನು ಜಾಲರಿಯ ಮೇಲಿಂದ ದಿನಕ್ಕೆ 10ರಿಂದ 12 ಗಂಟೆ ಉರಿಸಿ. ಟ್ಯೂಬಿನ ಬೆಳಕು ಕಣ್ಣಿಗೆ ಹಾಗೆಯೇ ಕಂಡರೂ ಕಿರಣ ಕ್ಷೀಣಿಸುವುದರಿಂದ ವರ್ಷದೊಳಗೆ ಬದಲಿಸಬೇಕು. ಹಗಲಲ್ಲಿ ಒಂದು ಮೂಲೆ 30 ಡಿಗ್ರಿ ದಾಟುವಂತಿರಲಿ, ಉಳಿದ ಭಾಗ 26ರ ಸುಮಾರಿಗೆ ಇರಲಿ.

ದಿನಕ್ಕೆ ಹಲವು ಬಾರಿ ನೀರು ಸಿಂಪಡಿಸಿ ಎಂಬ ಸಲಹೆ ಒಣಹವೆಯ ಊರುಗಳಿಗಾಗಿ ಬರೆದದ್ದು. ಪುನರ್ವಸು ಮಳೆಯಲ್ಲಿ ಬಟ್ಟೆಯೇ ಒಣಗದ ಮಲೆನಾಡಿನ ಮನೆಯಲ್ಲಿ ಬೆಳಿಗ್ಗೆ ಒಮ್ಮೆ ಎಲೆಗೆ ಹನಿ ಕೂರುವಷ್ಟು ಸಾಕು. ಹಲ್ಲಿ ಆ ಹನಿಯನ್ನು ನೆಕ್ಕಿ ಕುಡಿಯುತ್ತದೆ. ಸಂಜೆಯೊಳಗೆ ಗಾಜು ಒಣಗದಿದ್ದರೆ ಗಾಳಿಯಾಡುತ್ತಿಲ್ಲವೆಂದರ್ಥ, ಬೂಷ್ಟು ಅಲ್ಲಿಂದಲೇ ಶುರುವಾಗುತ್ತದೆ. ಕರೆಂಟು ಹೋಗಿ ಪೆಟ್ಟಿಗೆ ತಣ್ಣಗಾದ ದಿನ ಹುಳು ಹಾಕಬೇಡಿ. ಮೈ ಕಾಯದೆ ಜೀರ್ಣವಾಗದು.

ಸಣ್ಣ ಮಿಡತೆ, ಚಿಮ್ಮಂಡೆಗಳಿಗೆ ಕ್ಯಾಲ್ಸಿಯಂ ಪುಡಿ ಸವರಿ ಕೊಡಿ, ವಾರಕ್ಕೊಮ್ಮೆ ಕಿವುಚಿದ ಹಣ್ಣು ಕೊಡಿ. ನಿಮ್ಮದು ಹೆಣ್ಣಾಗಿದ್ದರೆ ಕತ್ತಿನ ಇಕ್ಕೆಲಗಳಲ್ಲಿ ಉಬ್ಬಿದ ಬಿಳಿ ಚೀಲಗಳನ್ನು ಗಮನಿಸಿ. ಮೊಟ್ಟೆಯ ಚಿಪ್ಪಿಗೆಂದು ಅದು ಕೂಡಿಟ್ಟ ಸುಣ್ಣ ಅದು. ಅವು ಬತ್ತಿದ್ದರೆ ದಾಸ್ತಾನು ಮುಗಿದಿದೆ. ಕೈಯಲ್ಲಿ ಮಾತ್ರ ಹಿಡಿಯಬೇಡಿ, ಇದರ ಚರ್ಮ ಒದ್ದೆ ಕಾಗದದಂತೆ ಹರಿಯುತ್ತದೆ. ಸೊಟ್ಟಗಾದ ಬಾಲ ನೆಟ್ಟಗಾಗುವುದು ಕಷ್ಟ, ಆದರೆ ದವಡೆ ಮೆತ್ತಗಾಗುವ ಮೊದಲೇ ಪಶುವೈದ್ಯರಿಗೆ ತೋರಿಸಿದರೆ ಜೀವ ಉಳಿಯುತ್ತದೆ.

ಫೆಲ್ಸುಮಾ ಕುಲ, ವನ್ಯಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರವನ್ನು ನಿಯಂತ್ರಿಸುವ ಸೈಟಿಸ್ ಒಪ್ಪಂದದ ಎರಡನೇ ಅನುಬಂಧದಲ್ಲಿದೆ. ವನ್ಯಜೀವಿ ಕಾಯಿದೆಯ 2022ರ ತಿದ್ದುಪಡಿಯ ನಂತರ ಇಂಥ ಪ್ರಾಣಿಯನ್ನು ಇಟ್ಟುಕೊಂಡವರು ನೋಂದಾಯಿಸಬೇಕು, ಅಣ್ಣನಿಂದ ಆ ದಾಖಲೆಯನ್ನೂ ಕೇಳಿ ಪಡೆಯಿರಿ.

ಜಂಬಿಟ್ಟಿಗೆ ಗೋಡೆಯ ಹಲ್ಲಿಯನ್ನು ದಯವಿಟ್ಟು ಹಿಡಿಯಬೇಡಿ. ಕಣ್ಣಿನ ಪಾಪೆ ದುಂಡಗಿದ್ದರೆ ಅದು ನೆಮಾಸ್ಪಿಸ್ ಕುಲದ್ದಿರಬಹುದು. ಪಶ್ಚಿಮ ಘಟ್ಟದಲ್ಲಿ ಈ ಕುಲದ ಎಷ್ಟೋ ಪ್ರಭೇದಗಳು ಒಂದೆರಡು ಗುಡ್ಡಗಳಾಚೆ ಎಲ್ಲಿಯೂ ಇಲ್ಲ. ಅದರ ಬಿಸಿಲು, ನೆರಳು, ಮೊಟ್ಟೆಯಿಡುವ ಸಂದು ಎಲ್ಲವೂ ಆ ಗೋಡೆಯಲ್ಲೇ ಇವೆ.