ಹಿತ್ತಾಳೆ ನೇಮ್ ಪ್ಲೇಟ್ ಮೇಲೆ ಮನೆಯಲ್ಲೇ ಅಕ್ಷರ ಕೊರೆಯಬಹುದಾ? ಬಿದ್ರಿ ಥರ ಕಪ್ಪು ಬರುತ್ತಾ?

ಕಪ್ಪಿನ ವಿಷಯ ಮೊದಲು. ಬೀದರ್ ಕೋಟೆ ಮಣ್ಣು, ನವಸಾಗರ (ಅಮೋನಿಯಂ ಕ್ಲೋರೈಡ್) ಸೇರಿಸಿ ಉಜ್ಜುವ ಆ ಕಪ್ಪು ಹಿಡಿಯುವುದು ಸತು ಜಾಸ್ತಿ ಇರುವ ಬಿದ್ರಿ ಲೋಹಕ್ಕೆ. ಹಿತ್ತಾಳೆಗೆ ಆ ಬಣ್ಣ ಬರುವುದಿಲ್ಲ. ಬಿದ್ರಿಯಲ್ಲಿ ವಿನ್ಯಾಸವನ್ನು ಉಳಿಯಿಂದ ಕೊರೆದು ಬೆಳ್ಳಿ ತಂತಿ ಕೂರಿಸುತ್ತಾರೆ, ಅದು ಬೇರೆಯೇ ಕೆಲಸ.

ಹಿತ್ತಾಳೆ ಕೊರೆಯಲು, ಲೋಹವನ್ನು ಕರಗಿಸುವ ಫೆರಿಕ್ ಕ್ಲೋರೈಡ್ ದ್ರಾವಣ ಸಾಕು. ತಗಡನ್ನು ನುಣುಪು ಮರಳು ಕಾಗದದಿಂದ ಉಜ್ಜಿ, ಸೋಪು ಹಾಕಿ ತೊಳೆಯಿರಿ. ಆಮೇಲೆ ಬೆರಳು ತಾಗಿಸಬೇಡಿ, ಜಿಡ್ಡಿದ್ದ ಕಡೆ ಕೊರೆತ ಸರಿಯಾಗಿ ಬರುವುದಿಲ್ಲ. ಸ್ಟಿಕರ್ ಕಟಿಂಗ್ ಅಂಗಡಿಯಲ್ಲಿ ವಿನೈಲ್ ಕತ್ತರಿಸಿಕೊಂಡು ಅಂಟಿಸಿ, ಅಕ್ಷರದ ಭಾಗ ಮಾತ್ರ ತೆರೆದಿಡಿ. ಹಿಂಬದಿಗೂ ಅಂಚಿಗೂ ಟೇಪ್ ಬೇಕು. ಪ್ಲಾಸ್ಟಿಕ್ ಡಬ್ಬಿಯಲ್ಲಿ ದ್ರಾವಣ ಹಾಕಿ, ತಗಡನ್ನು ಮುಖ ಕೆಳಗೆ ಮಾಡಿ, ತಳಕ್ಕೆ ತಾಗದಂತೆ ಇಳಿಬಿಡಿ. ಕರಗಿದ ಕೆಸರು ಅಕ್ಷರದೊಳಗೆ ಕೂರದೆ ಕೆಳಗೆ ಬೀಳುತ್ತದೆ, ಅಂಚು ಚೂಪಾಗಿ ಬರುತ್ತದೆ. ನಮ್ಮ ಕಡೆಯ ಬೇಸಿಗೆಯಲ್ಲಿ ದ್ರಾವಣ ಬಿಸಿ ಮಾಡುವುದೂ ಬೇಡ. ಅರ್ಧ ಗಂಟೆಗೊಮ್ಮೆ ತೆಗೆದು, ತೊಳೆದು, ಆಳ ನೋಡುತ್ತಿರಿ.

ಕೊನೆಗೆ ಅಡುಗೆ ಸೋಡಾ ನೀರಲ್ಲಿ ತೊಳೆಯಿರಿ. ಅಕ್ಷರಕ್ಕೆ ಕಪ್ಪು ಎನಾಮಲ್ ತುಂಬಿ, ಒಣಗಿದ ಮೇಲೆ ಮೇಲ್ಭಾಗ ಉಜ್ಜಿ, ಲ್ಯಾಕರ್ ಹೊಡೆಯಿರಿ. ಕೈಗವಸು, ಕನ್ನಡಕ ಖಂಡಿತ ಹಾಕಿಕೊಳ್ಳಿ. ಉಳಿದ ದ್ರಾವಣದಲ್ಲಿ ತಾಮ್ರ ಇರುತ್ತದೆ, ದಯವಿಟ್ಟು ಚರಂಡಿಗೆ ಸುರಿಯಬೇಡಿ. ಪ್ಲಾಸ್ಟಿಕ್ ಕ್ಯಾನಿನಲ್ಲಿಟ್ಟರೆ ಮುಂದಿನ ಫಲಕಕ್ಕೂ ಬರುತ್ತದೆ.