ಹೆಂಡತಿ ಹಿಂದೆ ಕೂತರೆ ಗಾಡಿ ತಿರುವು ಬಿಟ್ಟು ಹೋಗುತ್ತದೆ, ಯಾಕೆ?

ಪ್ರಶ್ನೆ: ನನ್ನದು ಕವಾಸಾಕಿ ನಿಂಜಾ 1000 ಎಸ್‌ಎಕ್ಸ್. ಒಬ್ಬನೇ ಹೋದರೆ ಹೇಳಿದ ಮಾತು ಕೇಳುತ್ತದೆ. ಹೆಂಡತಿಯನ್ನು ಕೂರಿಸಿಕೊಂಡು, ಎರಡೂ ಕಡೆ ಬಾಕ್ಸ್ ಹಾಕಿ ಚಾರ್ಮಾಡಿ ಹತ್ತುವಾಗ ತಿರುವಿನಲ್ಲಿ ಹೊರಗೆ ಎಳೆಯುತ್ತದೆ. ಕತ್ತಲಾದರೆ ಹೆಡ್‌ಲೈಟ್ ಬೆಳಕು ಮರದ ಮೇಲೆ ಬೀಳುತ್ತದೆ. ಟೈರ್ ಬದಲಾಯಿಸಬೇಕಾ?
– ಓದುಗರೊಬ್ಬರು, ಚಿಕ್ಕಮಗಳೂರು

ಉತ್ತರ: ಟೈರಿಗೆ ಈಗಲೇ ದುಡ್ಡು ಹಾಕಬೇಡಿ. ಕಾಯಿಲೆ ಏನೆಂದು ನಿಮ್ಮ ಹೆಡ್‌ಲೈಟೇ ಹೇಳುತ್ತಿದೆ. ಭಾರಕ್ಕೆ ಹಿಂಭಾಗ ಕುಸಿದಿದೆ, ಮೂತಿ ಮೇಲೆದ್ದಿದೆ.

ಈ ಗಾಡಿಯ ಫೋರ್ಕಿನ, ಅಂದರೆ ಮುಂದಿನ ಚಕ್ರ ಹಿಡಿದಿರುವ ಜೋಡಿ ಕೊಳವೆಗಳ ಓರೆ 24 ಡಿಗ್ರಿ. ಚುರುಕಾಗಿ ತಿರುಗಲಿ ಎಂದೇ ಅಷ್ಟು ನೆಟ್ಟಗೆ ಇಟ್ಟಿದ್ದಾರೆ. ಹಿಂಭಾಗ ಕುಸಿದರೆ ಓರೆ ಜಾಸ್ತಿಯಾಗುತ್ತದೆ, ಮುಂದಿನ ಚಕ್ರ ಹಗುರವಾಗುತ್ತದೆ. ಅದರ ಮೇಲೆ ಏರಿನಲ್ಲಿ ಥ್ರಾಟಲ್ ಕೊಟ್ಟರೆ ಎಂಜಿನ್ನಿನ 111 ಎನ್ಎಂ ಟಾರ್ಕ್ (ತಿರುಗಿಸುವ ಬಲ) ಹಿಂಭಾಗವನ್ನು ಇನ್ನಷ್ಟು ಅದುಮುತ್ತದೆ. ತಿರುವು ಬಿಟ್ಟು ಹೋಗದೆ ಇನ್ನೇನು?

ಸೀಟಿನ ಕೆಳಗೆ, ಪಕ್ಕದಲ್ಲಿ ಒಂದು ದುಂಡನೆಯ ನಾಬ್ ಇದೆ ನೋಡಿ. ಅದು ಹಿಂದಿನ ಸ್ಪ್ರಿಂಗಿನ ಪ್ರೀಲೋಡ್, ಅಂದರೆ ಸ್ಪ್ರಿಂಗನ್ನು ಮೊದಲೇ ಎಷ್ಟು ಅದುಮಿಡಬೇಕು ಎಂಬುದರ ನಾಬ್; ಬಿಗಿ ಮಾಡಿದರೆ ಕುಸಿದ ಹಿಂಭಾಗ ಮೇಲೇಳುತ್ತದೆ. ಸ್ಪ್ಯಾನರ್ ಬೇಡ, ಕೈಯಲ್ಲೇ ತಿರುಗುತ್ತದೆ. ಈ ಗಾಡಿ ಕೊಳ್ಳುವವರೆಲ್ಲ 142 ಪಿಎಸ್ ಶಕ್ತಿಯ ಬಗ್ಗೆ ಕೇಳುತ್ತಾರೆ, ಈ ನಾಬ್ ಬಗ್ಗೆ ಯಾರೂ ಕೇಳುವುದಿಲ್ಲ. ವೇಗಕ್ಕೂ ದೂರದ ಪ್ರಯಾಣಕ್ಕೂ ಆಗುವ ಸ್ಪೋರ್ಟ್ ಟೂರರ್ ಅಂತ ಕರೆಸಿಕೊಳ್ಳುವ ಯೋಗ್ಯತೆ ಬರುವುದೇ ಇದರಿಂದ ಎಂದು ನಾನು ನಂಬಿದ್ದೇನೆ. ಒಬ್ಬರಿದ್ದಾಗ ಹೇಗೆ ತಿರುಗುತ್ತದೋ ಇಬ್ಬರು, ಎರಡು ಬಾಕ್ಸ್ ಇದ್ದಾಗಲೂ ಹಾಗೇ ತಿರುಗಬೇಕು, ಅಲ್ವಾ?

ಸುಮ್ನೆ ಅಂದಾಜಿನಲ್ಲಿ ತಿರುಗಿಸಬೇಡಿ, ಟೇಪ್ ಹಿಡಿದು ಅಳೆಯಿರಿ. ಹಿಂದಿನ ಚಕ್ರ ನೆಲ ಬಿಡುವಷ್ಟು ಗಾಡಿ ಎತ್ತಿಸಿ. ಚಕ್ರದ ನಡುವಿನ ಆಕ್ಸಲ್‌ನಿಂದ ನೇರ ಮೇಲೆ ಬಾಡಿಯ ಮೇಲೊಂದು ಗುರುತು ಹಾಕಿ, ಅಲ್ಲಿಯವರೆಗೆ ಎಷ್ಟಿದೆ ಬರೆದುಕೊಳ್ಳಿ. ಆಮೇಲೆ ಬಾಕ್ಸ್ ತುಂಬಿಸಿ, ಹೆಲ್ಮೆಟ್, ಜಾಕೆಟ್ ಸಮೇತ ಇಬ್ಬರೂ ಕೂತು ಮತ್ತೊಬ್ಬರಿಂದ ಅಳೆಸಿ. ಎರಡರ ನಡುವಿನ ವ್ಯತ್ಯಾಸ 40 ಮಿ.ಮೀ. ಆಸುಪಾಸು ಇದ್ದರೆ ಸರಿ. 60 ಬಂದರೆ ನಾಬ್ ಬಿಗಿ ಮಾಡುತ್ತಾ ಬನ್ನಿ. ಉಬ್ಬು ದಾಟಿದ ಮೇಲೆ ಹಿಂಭಾಗ ಪುಟಿಯುತ್ತಿದ್ದರೆ ರಿಬೌಂಡ್ ಸ್ಕ್ರೂ (ಅದುಮಿದ ಸ್ಪ್ರಿಂಗ್ ಎಷ್ಟು ಬೇಗ ಮರಳಬೇಕು ಎಂದು ಹಿಡಿತದಲ್ಲಿಡುವ ಸ್ಕ್ರೂ) ಕೂಡ ಸ್ವಲ್ಪ ಬಿಗಿ ಮಾಡಿ.

ಟೈರ್ ಗಾಳಿಯನ್ನು ತಣ್ಣಗಿದ್ದಾಗಲೇ ನೋಡಿ, ಕಂಪನಿ ಹೇಳಿದಷ್ಟೇ ಇರಲಿ. ಭಾರದ ಸಾಮಾನು ಬಾಕ್ಸಿನ ತಳಕ್ಕೆ, ಮುಂಭಾಗಕ್ಕೆ ಹೋಗಲಿ. ಹಿಂದೆ ಟಾಪ್ ಬಾಕ್ಸ್ ಹಾಕುವ ಯೋಚನೆಯಿದ್ದರೆ ಬಿಟ್ಟುಬಿಡಿ. ಅದು ಆಕ್ಸಲ್‌ಗಿಂತ ಹಿಂದೆ ನೇತಾಡಿ ಮುಂದಿನ ಚಕ್ರವನ್ನು ಇನ್ನೂ ಹಗುರ ಮಾಡುತ್ತದೆ.

ಇಷ್ಟಾದ ಮೇಲೂ ಹೊರಗೆ ಎಳೆದರೆ ಆಗ ಟೈರ್ ನೋಡೋಣ. ಒಬ್ಬರೇ ಹೊರಟ ದಿನ ನಾಬನ್ನು ಮೊದಲಿನ ಜಾಗಕ್ಕೆ ತನ್ನಿ, ಇಲ್ಲದಿದ್ದರೆ ಹಿಂಭಾಗ ಗಟ್ಟಿಯಾಗಿ ಗುಂಡಿಗಳಲ್ಲಿ ಕುಕ್ಕುತ್ತದೆ.