ಇಬ್ಬರು ಚಾಂಪಿಯನ್ನರು ಎದುರಾಗಲು ಇಷ್ಟು ತಡ ಯಾಕೆ?

ಪ್ರಶ್ನೆ: ನಮ್ಮೂರು ಜಮಖಂಡಿ ಹತ್ತಿರ. ಜಾತ್ರೆ ಕುಸ್ತಿ ನೋಡಿಕೊಂಡೇ ಬೆಳೆದವನು ನಾನು. ಈಗ ಮೊಬೈಲ್‌ನಲ್ಲಿ ಬಾಕ್ಸಿಂಗ್ ನೋಡುವ ಹುಚ್ಚು ಹತ್ತಿದೆ. ನಮ್ಮ ಕಮಿಟಿಯವರು ದೊಡ್ಡ ಜೋಡಿಯನ್ನೂ ಒಂದು ಸಂಜೆಯಲ್ಲಿ ಗಟ್ಟಿ ಮಾಡುತ್ತಾರೆ. ಆದರೆ ಹೆವಿವೇಟ್‌ನಲ್ಲಿ ಟೈಸನ್ ಫ್ಯೂರಿ, ಒಲೆಕ್ಸಾಂಡರ್ ಉಸಿಕ್ ಇಬ್ಬರೂ ಆಗ ಚಾಂಪಿಯನ್ ಆಗಿದ್ದರು, ಅಲ್ಲಿಯ ತನಕ ಇಬ್ಬರೂ ಸೋತಿರಲಿಲ್ಲ. ದುಡ್ಡೂ ಬೇಕಾದಷ್ಟಿತ್ತು. ಆದರೂ ಪಂದ್ಯ ಯಾಕೆ ಅಷ್ಟು ತಡವಾಯಿತು? ಒಬ್ಬ ಹೆದರಿದ್ದ ಅಂತ ನನ್ನ ಗೆಳೆಯ ಹೇಳುತ್ತಾನೆ. ನಿಜವಾ?

ಉತ್ತರ: ನಿಮ್ಮ ಗೆಳೆಯನ ಮಾತನ್ನು ನಾನು ಒಪ್ಪುವುದಿಲ್ಲ. ಅಷ್ಟು ಎತ್ತರಕ್ಕೆ ಹೋದವನಿಗೆ ಎದುರಾಳಿಯ ಗುದ್ದು ಹೊಸದಲ್ಲ. ಅಡ್ಡ ಬರುವುದು ಕರಾರಿನ ಕಾಗದ.

ಬೆಳಗಾವಿ ತಾಲ್ಲೂಕಿನ ಒಂದು ಊರಲ್ಲಿ ನಾನು ಕೆಲವು ವರ್ಷ ಕುಸ್ತಿ ಕಮಿಟಿಯಲ್ಲಿದ್ದೆ. ಒಂದು ಸಲ ಮೊದಲನೇ ನಂಬರಿನ ಜೋಡಿ ಗಟ್ಟಿ ಮಾಡಲು ಎರಡೂ ಕಡೆಯ ವಸ್ತಾದರು ಗುಡಿ ಕಟ್ಟೆಗೆ ಬಂದಿದ್ದರು. ಇನಾಮಿನ ಮಾತು ಒಂದು ಕಪ್ ಚಹಾ ಕುಡಿಯುವುದರಲ್ಲಿ ಮುಗಿಯಿತು. ಆಮೇಲೆ ಎರಡು ತಾಸು ಹೋಗಿದ್ದು ಹ್ಯಾಂಡ್‌ಬಿಲ್ಲಿನಲ್ಲಿ ಯಾರ ಹೆಸರು ಮೊದಲು ಅನ್ನುವುದಕ್ಕೆ. ಒಬ್ಬ ವಸ್ತಾದರು ಚಪ್ಪಲಿ ಮೆಟ್ಟಿಕೊಂಡು ಎದ್ದೇ ಬಿಟ್ಟರು. ಕೊನೆಗೆ ನಮ್ಮ ಕಮಿಟಿಯ ಹಿರಿಯರು, "ನಾಳೆ ಮುಂಜಾನೆ ಪ್ರೆಸ್ಸಿಗೆ ಕೊಡಬೇಕ್ರಿ. ನೀವು ಒಪ್ಪಲಿಲ್ಲಾಂದ್ರ ಬ್ಯಾರೆ ಜೋಡಿ ಹಚ್ಚತೀವಿ" ಅಂದರು. ಐದು ನಿಮಿಷದಲ್ಲಿ ಎಲ್ಲ ಮುಗಿಯಿತು.

ಆ ಒಂದು ಮಾತು ಹೇಳುವ ಅಧಿಕಾರ ಬಾಕ್ಸಿಂಗಿನಲ್ಲಿ ಯಾರಿಗೂ ಇಲ್ಲ. ಇಡೀ ತೊಂದರೆ ಅಲ್ಲೇ ಇರುವುದು. ಅಲ್ಲಿ ಡಬ್ಲ್ಯುಬಿಎ, ಡಬ್ಲ್ಯುಬಿಸಿ, ಐಬಿಎಫ್, ಡಬ್ಲ್ಯುಬಿಒ ಅಂತ ನಾಲ್ಕು ದೊಡ್ಡ ಸಂಸ್ಥೆಗಳು. ಒಬ್ಬೊಬ್ಬರದೂ ಬೇರೆ ಬೆಲ್ಟು (ಅಂದರೆ ಚಾಂಪಿಯನ್ ಪಟ್ಟ), ಬೇರೆ ಫೀಸು. ನಿನ್ನ ಮುಂದಿನ ಎದುರಾಳಿ ಇವನೇ ಅಂತ ತಮ್ಮ ಚಾಂಪಿಯನ್‌ಗೆ ಹೇಳಬಲ್ಲರು. ಕೇಳದಿದ್ದರೆ ಬೆಲ್ಟು ಕಸಿದುಕೊಳ್ಳಬಲ್ಲರು. ಆದರೆ ಪಕ್ಕದ ಸಂಸ್ಥೆಯ ಚಾಂಪಿಯನ್ ಜೊತೆ ಆಡು ಅಂತ ಇಬ್ಬರನ್ನೂ ಎಳೆದು ತಂದು ಕೂರಿಸುವವರು ಯಾರೂ ಇಲ್ಲ. ಬೇಡ ಅನಿಸಿದವನು ಬೆಲ್ಟನ್ನೇ ಬಿಟ್ಟು ನಡೆಯಬಹುದು. 1992ರ ಡಿಸೆಂಬರಿನಲ್ಲಿ ಆಗಿನ ಹೆವಿವೇಟ್ ಚಾಂಪಿಯನ್ ರಿಡಿಕ್ ಬೋ ಲಂಡನ್ನಿನಲ್ಲಿ ಪತ್ರಕರ್ತರ ಎದುರೇ ಡಬ್ಲ್ಯುಬಿಸಿ ಬೆಲ್ಟನ್ನು ಕಸದ ಡಬ್ಬಿಗೆ ಹಾಕಿದ. ಸರದಿಯಲ್ಲಿ ನಿಂತಿದ್ದ ಲೆನಾಕ್ಸ್ ಲೂಯಿಸ್‌ಗೆ ಆಮೇಲೆ ಆ ಪಟ್ಟ ಸಿಕ್ಕಿತು, ಬೋ ಮಾತ್ರ ಸಿಗಲಿಲ್ಲ. ಆ ಇಬ್ಬರ ಪಂದ್ಯ ವೃತ್ತಿಪರ ರಿಂಗಿನಲ್ಲಿ ಆಗಲೇ ಇಲ್ಲ. ನನಗೆ ಇವತ್ತಿಗೂ ಅದು ಬೇಜಾರು.

ಇನ್ನು ನೀವು ಕೇಳಿದ ಜೋಡಿ. 2023ರ ಏಪ್ರಿಲ್ 29ಕ್ಕೆ ಲಂಡನ್ನಿನ ವೆಂಬ್ಲಿಯಲ್ಲಿ ಪಂದ್ಯ ಮಾಡೋಣ ಅಂತ ಮಾತು ನಡೆದಿತ್ತು. ಫ್ಯೂರಿ ನೂರಕ್ಕೆ 70 ತನಗೆ, 30 ಉಸಿಕ್‌ಗೆ ಅಂದ. ಎಲ್ಲರೂ ಇದು ಇಲ್ಲಿಗೇ ಮುರಿಯಿತು ಅಂದುಕೊಂಡರು. ಉಸಿಕ್ ಮಾತ್ರ ಸರಿ ಅಂದುಬಿಟ್ಟ. ಅವನ ಷರತ್ತು ಒಂದೇ, ಉಕ್ರೇನಿನ ಜನರಿಗೆ ಫ್ಯೂರಿ 10 ಲಕ್ಷ ಪೌಂಡ್ ಕೊಡಬೇಕು. ಅಂದರೆ ಎಲ್ಲರೂ ಬಾಯಿ ತುಂಬ ಮಾತಾಡುವ ಪಾಲಿನ ಲೆಕ್ಕ ಅಲ್ಲಿ ತೊಡಕೇ ಆಗಲಿಲ್ಲ. ಮುರಿದಿದ್ದು ಮರುಪಂದ್ಯದ ಷರತ್ತಿನ ಮೇಲೆ. ಸೋತವನಿಗೆ ಇನ್ನೊಂದು ಅವಕಾಶ ಇದೆಯಾ, ಆಗ ಪಾಲು ಎಷ್ಟು ಅನ್ನುವುದು. ಇದು ಸುಮ್ನೆ ಹಟ ಅಲ್ಲ ನೋಡಿ. ಒಂದು ರಾತ್ರಿ ಸೋತರೆ ಬೆಲ್ಟಿನ ಜೊತೆ ಮುಂದಿನ ಎರಡು ವರ್ಷದ ಗಳಿಕೆಯೂ ಹೋಗುತ್ತದೆ. ಅದಕ್ಕೇ ಸೋಲಿಗೂ ಒಂದು ವಿಮೆ ಬೇಕು.

ಕೊನೆಗೆ ಬಗೆಹರಿದಿದ್ದು ಹೇಗೆ? ಸೌದಿ ಅರೇಬಿಯಾದವರು ಪೂರ್ತಿ ದುಡ್ಡು ತಾವೇ ಕೊಡುತ್ತೇವೆ ಅಂತ ಮುಂದೆ ಬಂದರು. ಒಂದೇ ಚೀಲ, ಒಂದೇ ತಾರೀಖು, ನಮ್ಮ ಜಾತ್ರೆ ಕಮಿಟಿಯ ಹಾಗೆ. 2024ರ ಫೆಬ್ರುವರಿ 17ಕ್ಕೆ ನಿಗದಿ ಆಯಿತು. ಅಷ್ಟರಲ್ಲಿ ತಾಲೀಮಿನಲ್ಲಿ ಫ್ಯೂರಿಯ ಕಣ್ಣಿನ ಮೇಲೆ ಗಾಯವಾಗಿ ಮೇ 18ಕ್ಕೆ ಹೋಯಿತು. ಈ ಸಲ ಹಿಂದೆ ಸರಿದವನಿಗೆ 1 ಕೋಟಿ ಡಾಲರ್ ದಂಡ ಅಂತ ಸಾರಿದರು. ರಿಯಾದ್‌ನಲ್ಲಿ ಉಸಿಕ್ ಗೆದ್ದ. ಮೂವರು ತೀರ್ಪುಗಾರರಲ್ಲಿ ಇಬ್ಬರು ಅವನ ಕಡೆ. 1999ರ ಲೆನಾಕ್ಸ್ ಲೂಯಿಸ್ ನಂತರ ಹೆವಿವೇಟ್‌ಗೆ ಒಬ್ಬನೇ ಚಾಂಪಿಯನ್ ಸಿಕ್ಕಿದ್ದು ಆವತ್ತೇ.

ಆ ಪಟ್ಟವೂ ಜಾಸ್ತಿ ದಿನ ಉಳಿಯಲಿಲ್ಲ. ಕರಾರಿನ ಪ್ರಕಾರ ಫ್ಯೂರಿ ಜೊತೆ ಮರುಪಂದ್ಯ ಇತ್ತು. ಐಬಿಎಫ್‌ನವರ ಸರದಿಯ ಎದುರಾಳಿ ಬೇರೆ ಇದ್ದ. ಜೂನ್‌ನಲ್ಲೇ ಉಸಿಕ್ ಐಬಿಎಫ್ ಬೆಲ್ಟು ಬಿಟ್ಟುಕೊಟ್ಟ. ಯಾರೂ ಅವನನ್ನು ಸೋಲಿಸಿರಲಿಲ್ಲ, ಆದರೂ ಬೆಲ್ಟು ಹೋಯಿತು.

ಇದಕ್ಕಿಂತ ಕೆಟ್ಟದ್ದು 2021ರಲ್ಲಿ ಆಗಿತ್ತು. ಆಗಿನ ಇನ್ನೊಬ್ಬ ಚಾಂಪಿಯನ್ ಆಂಟನಿ ಜೋಶುವಾ ಜೊತೆ ಆಗಸ್ಟ್ 14ಕ್ಕೆ ಪಂದ್ಯ ಪಕ್ಕಾ ಅಂತ ಫ್ಯೂರಿ ವಿಡಿಯೊ ಬಿಟ್ಟ. ಮರುದಿನವೇ ಮಧ್ಯಸ್ಥಗಾರರ ತೀರ್ಪು ಬಂತು. ಹಳೇ ಕರಾರಿನಂತೆ ಡಿಯಾಂಟೇ ವೈಲ್ಡರ್ ಜೊತೆ ಮೂರನೇ ಪಂದ್ಯ ಆಡಲೇಬೇಕು ಅಂತ. ಸೆಪ್ಟೆಂಬರಿನಲ್ಲಿ ಜೋಶುವಾ ಉಸಿಕ್‌ಗೆ ಸೋತು ಮೂರು ಬೆಲ್ಟು ಕಳೆದುಕೊಂಡ. ಇಬ್ಬರು ಚಾಂಪಿಯನ್ನರ ಪಂದ್ಯ ಆಗಬೇಕಿದ್ದದ್ದು ಹಾಗೇ ಕರಗಿಹೋಯಿತು. ಬಾಕ್ಸರ್‌ಗೆ ಒಳ್ಳೆಯ ವರ್ಷಗಳು ಇರುವುದೇ ಕೆಲವು. ಅವು ವಕೀಲರ ಮೇಜಿನ ಮೇಲೆ ಸವೆಯುವುದನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ.

ಟಿವಿಯವರ ಜಗಳ ಬೇರೆ. ಲೂಯಿಸ್ ಎಚ್‌ಬಿಒ ಚಾನೆಲ್ಲಿಗೆ, ಮೈಕ್ ಟೈಸನ್ ಶೋಟೈಮ್‌ಗೆ ಕರಾರಾಗಿದ್ದರು. 2002ರ ಜೂನ್ 8ರಂದು ಮೆಂಫಿಸ್‌ನಲ್ಲಿ ಎರಡೂ ಚಾನೆಲ್ ಸೇರಿಯೇ ತೋರಿಸಬೇಕಾಯಿತು. ಅವತ್ತು ಪಂದ್ಯಕ್ಕೆ ಮುಂಚೆ ರಿಂಗಿನ ನಟ್ಟನಡುವೆ ಹಳದಿ ಅಂಗಿಯ ಕಾವಲುಗಾರರು ಸಾಲಾಗಿ ಗೋಡೆಯಂತೆ ನಿಂತಿದ್ದರು, ಇಬ್ಬರೂ ಗಂಟೆ ಹೊಡೆಯುವ ಮೊದಲೇ ಕೈ ಮಿಲಾಯಿಸಬಾರದು ಅಂತ. ಆ ದೃಶ್ಯ ಸಿಕ್ಕರೆ ತಪ್ಪದೇ ನೋಡಿ.

ಪ್ರಶ್ನೆ: ಪರ್ಸ್ ಬಿಡ್ ಅಂದರೆ ಹರಾಜಾ? (ವಿಜಯಪುರದ ಓದುಗರು)

ಉತ್ತರ: ಮುಚ್ಚಿದ ಲಕೋಟೆಯ ಟೆಂಡರ್ ಅನ್ನಿ. ಚಾಂಪಿಯನ್ ಮತ್ತು ಅವನ ಸರದಿಯ ಎದುರಾಳಿ ಹೇಳಿದ ದಿನದೊಳಗೆ ಒಪ್ಪದಿದ್ದರೆ ಸಂಸ್ಥೆ ಪ್ರೊಮೋಟರ್‌ಗಳಿಂದ, ಅಂದರೆ ಪಂದ್ಯ ನಡೆಸುವವರಿಂದ, ಲಕೋಟೆ ತರಿಸುತ್ತದೆ. ಜಾಸ್ತಿ ಬರೆದವನಿಗೆ ಪಂದ್ಯ. 2022ರ ಜನವರಿಯಲ್ಲಿ ಫ್ಯೂರಿ ಮತ್ತು ಡಿಲಿಯನ್ ವೈಟ್ ಪಂದ್ಯಕ್ಕೆ ಫ್ರಾಂಕ್ ವಾರನ್ 4 ಕೋಟಿ 10 ಲಕ್ಷ 25 ಸಾವಿರ ಡಾಲರ್ ಬರೆದು ಗೆದ್ದರು. ಅದರಲ್ಲಿ ಹತ್ತನೇ ಒಂದು ಪಾಲು ಗೆದ್ದವನಿಗೆ ಅಂತ ಎತ್ತಿಟ್ಟರು. ಉಳಿದದ್ದರಲ್ಲಿ ನೂರಕ್ಕೆ 80 ಫ್ಯೂರಿಗೆ, 20 ವೈಟ್‌ಗೆ. ಆದರೆ ಬೇರೆ ಬೇರೆ ಸಂಸ್ಥೆಯ ಇಬ್ಬರು ಚಾಂಪಿಯನ್ನರು ಎದುರಾಗುವಾಗ ಇದು ಸಾಮಾನ್ಯವಾಗಿ ನಡೆಯುವುದಿಲ್ಲ. ಲಕೋಟೆ ತರಿಸುವ ಯಜಮಾನ ಯಾರು ಅನ್ನುವ ಮೇಲಿನ ಪ್ರಶ್ನೆಯೇ ಮತ್ತೆ ಬರುತ್ತದೆ.

ಪ್ರಶ್ನೆ: ಮಗನಿಗೆ 19 ವರ್ಷ, ಚೆನ್ನಾಗಿ ಬಾಕ್ಸಿಂಗ್ ಆಡುತ್ತಾನೆ. ಒಬ್ಬರು ಐದು ವರ್ಷದ ಕರಾರಿಗೆ ಸಹಿ ಕೇಳುತ್ತಿದ್ದಾರೆ, 50 ಸಾವಿರ ಅಡ್ವಾನ್ಸ್ ಕೊಡುತ್ತಾರಂತೆ. ಮಾಡಿಸಲಾ? (ಬಾಗಲಕೋಟೆಯ ತಾಯಿ)

ಉತ್ತರ: ತಾಯಿ, ಈ ವಾರ ಸಹಿ ಬೇಡ. ಮೊದಲು ಕಾಗದದ ಪ್ರತಿಯನ್ನು ಮನೆಗೆ ತರಿಸಿಕೊಳ್ಳಿ. ಪ್ರತಿ ಕೊಡೋಲ್ಲ ಅಂದರೆ ಅಲ್ಲಿಗೇ ಬಿಟ್ಟುಬಿಡಿ. ಕೊಟ್ಟರೆ ವರ್ಷಕ್ಕೆ ಎಷ್ಟು ಪಂದ್ಯ ಆಡಿಸುತ್ತಾರೆ ಅಂತ ಬರೆದಿದೆಯಾ ನೋಡಿ. ಬರೆಯದಿದ್ದರೆ ಐದು ವರ್ಷ ಹುಡುಗನನ್ನು ಸುಮ್ನೆ ಕೂರಿಸಲೂಬಹುದು, ಬೇರೆ ಕಡೆ ಹೋಗಲೂ ಬಿಡದಿರಬಹುದು. ಪ್ರಯಾಣ, ತರಬೇತಿ, ಊಟದ ಖರ್ಚು ಕಳೆದು ಪಾಲು ಕೊಡುತ್ತಾರಾ, ಕಳೆಯದೆಯಾ? ಪೆಟ್ಟಾದರೆ ಆಸ್ಪತ್ರೆ ಖರ್ಚು ಯಾರದು? ಗೆದ್ದು ದೊಡ್ಡವನಾದರೆ ಕರಾರು ತಾನಾಗೇ ಮುಂದುವರಿಯುತ್ತದೆ ಅನ್ನುವ ಸಾಲು ಕೊನೆಯ ಪುಟಗಳಲ್ಲಿ ಅಡಗಿರುತ್ತದೆ, ಅದನ್ನು ಹುಡುಕಿ.

ಇನ್ನೊಂದು ಕೇಳಿ, ಪಂದ್ಯ ನಡೆಸುವವರೇ ಮಗನ ಮ್ಯಾನೇಜರೂ ಆಗುತ್ತಾರಾ? ಒಬ್ಬನೇ ಮನುಷ್ಯ ದುಡ್ಡು ಕೊಡುವವನೂ ಆಗಿ, ನಿಮ್ಮ ಪರ ದುಡ್ಡು ಕೇಳುವವನೂ ಆದರೆ ನಿಮ್ಮ ಮಾತು ಯಾರು ಆಡುತ್ತಾರೆ? ಅಮೆರಿಕದಲ್ಲಿ ಇದನ್ನು ತಡೆಯಲು 2000ದಲ್ಲಿ ಮುಹಮ್ಮದ್ ಅಲಿ ಹೆಸರಿನಲ್ಲೇ ಕಾನೂನು ಮಾಡಿದರು. ನಿಮ್ಮ ಹತ್ತಿರ ಇರುವುದು ನಿಮ್ಮೂರಿನ ವಕೀಲರು. ಅವರಿಗೆ ಕಾಗದ ತೋರಿಸುವ ತನಕ ಆ 50 ಸಾವಿರದಲ್ಲಿ ಒಂದು ರೂಪಾಯಿಯನ್ನೂ ಮುಟ್ಟಬೇಡಿ.